ಲೋಡಿಂಗ್ ಪರದೆ ಮಿಣುಕುವುದೇಕೆ?

ಪ್ರಶ್ನೆ: ಹೊಸ ಮಾನಿಟರಿನಲ್ಲಿ ಗೇಮ್ ಲೋಡ್ ಆಗುವಾಗ, ಕತ್ತಲ ದೃಶ್ಯಗಳಲ್ಲಿ ಪರದೆ ಮಿಣಮಿಣ ಅನ್ನುತ್ತದೆ. ಡೆಸ್ಕ್‌ಟಾಪಿನಲ್ಲಿ ಏನೂ ಇಲ್ಲ. ಮಾನಿಟರ್ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. ವಿಆರ್‌ಆರ್ (ವೇರಿಯಬಲ್ ರಿಫ್ರೆಶ್ ರೇಟ್) ಆನ್ ಇದ್ದರೆ ಮಾನಿಟರ್ ತನ್ನದೇ ತಾಳ ಬಿಟ್ಟು, ಗ್ರಾಫಿಕ್ಸ್ ಕಾರ್ಡ್ ಫ್ರೇಮ್ ಕೊಟ್ಟಾಗಲೇ ಚಿತ್ರ ಬದಲಿಸುತ್ತದೆ. ಚಿತ್ರ ಹರಿದಂತೆ ಕಾಣುವುದು ತಪ್ಪುತ್ತದೆ, ನಿಜ. ಆದರೆ ವಿಎ, ಓಎಲ್‌ಇಡಿ ಪ್ಯಾನೆಲ್‌ಗಳಲ್ಲಿ ಚಿತ್ರ ಬದಲಿಸುವ ವೇಗ ಬದಲಾದಂತೆ ಹೊಳಪೂ ತುಸು ಬದಲಾಗುತ್ತದೆ. ಬಿಳಿ ಪುಟದಲ್ಲಿ ಗೊತ್ತಾಗದ ಈ ವ್ಯತ್ಯಾಸ ಕಡುಬೂದು ಗೋಡೆಯ ಮೇಲೆ ಎದ್ದು ಕಾಣುತ್ತದೆ. ಲೋಡಿಂಗ್ ಹೊತ್ತಿನಲ್ಲಂತೂ ಫ್ರೇಮ್‌ಗಳ ವೇಗ ಹುಚ್ಚು ಕುದುರೆ. ಅನೇಕ ಮಾನಿಟರ್‌ಗಳ ವಿಆರ್‌ಆರ್ ಕೆಳಮಿತಿ 48 ಹರ್ಟ್ಜ್. ಫ್ರೇಮ್ ಸೆಕೆಂಡಿಗೆ 47ಕ್ಕೆ ಇಳಿದರೆ ಪ್ರತಿ ಫ್ರೇಮನ್ನೂ ಎರಡು ಸಲ ತೋರಿಸಿ 94 ಮಾಡಲಾಗುತ್ತದೆ. 48ರಿಂದ ಒಮ್ಮೆಲೇ 94ಕ್ಕೆ ಜಿಗಿತ!

ಮೊದಲು ಮಾನಿಟರಿನ ಮೆನುವಿನಲ್ಲೇ ಫ್ರೀಸಿಂಕ್ ಅಥವಾ ಅಡಾಪ್ಟಿವ್ ಸಿಂಕ್ (ವಿಆರ್‌ಆರ್‌ನದೇ ಹೆಸರುಗಳು) ಆಫ್ ಮಾಡಿ ನೋಡಿ. ಆಗಲೂ ಮಿಣುಕಿದರೆ ಕೇಬಲ್ ಬದಲಿಸಿ. ಆಫ್ ಮಾಡಿದ್ದರಿಂದಲೇ ನಿಂತರೆ, ಮತ್ತೆ ಆನ್ ಮಾಡಿ ಫ್ರೇಮ್‌ಗೆ ಮಿತಿ ಹಾಕಿ: ಗೇಮ್ 80ರಿಂದ 130ರ ನಡುವೆ ಓಲಾಡುತ್ತಿದ್ದರೆ 80ಕ್ಕೆ ಕಟ್ಟಿಹಾಕಿ. ಲೋಡಿಂಗ್ ಪರದೆ ಆಗಲೂ ಕೊಂಚ ಮಿಣುಕೀತು; ಹತ್ತು ಸೆಕೆಂಡಿನ ಆ ಮಿಣುಕಿಗಾಗಿ ನಾನಂತೂ ಮಾನಿಟರನ್ನು ಅಂಗಡಿಗೆ ಹೊತ್ತೊಯ್ಯಲಾರೆ.