ಕರಿಹೊಯಿಗೆಯ ನಡುವೆ ಗಂಟೆಗಳ ಆಲ

ಮಂಜೇಶ್ವರದ ನಮಗೆ ತಿರುವನಂತಪುರ ಎಂದರೆ ಇಡೀ ಒಂದು ರಾತ್ರಿಯ ರೈಲು. ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ, ಎರ್ನಾಕುಲಂ ಬಂದದ್ದು ಹೋದದ್ದು ಗೊತ್ತಾಗದೆ ಮಲಗಿ, ಬೆಳಗ್ಗೆ ಕಾಯಂಕುಳಂ ದಾಟಿದ ಮೇಲೆ ಎದ್ದು ಮುಖ ತೊಳೆಯುವುದು ರೂಢಿ. ಕಚೇರಿ ಕೆಲಸಕ್ಕೆಂದು ಎಷ್ಟೋ ಸಲ ಹೀಗೆ ಹೋಗಿದ್ದೇನೆ. ಈ ಸಲ ಮಾತ್ರ ಕರುನಾಗಪ್ಪಳ್ಳಿಯಲ್ಲಿ ಇಳಿದುಬಿಟ್ಟೆ. ಅಲ್ಲಿಂದ ಪಶ್ಚಿಮಕ್ಕೆ, ಕಡಲ ಅಂಚಿನಲ್ಲಿ ಲಕ್ಷಗಟ್ಟಲೆ ಗಂಟೆಗಳನ್ನು ಹೊತ್ತ ಒಂದು ಆಲದ ಮರವಿದೆ ಎಂದು ಕೇಳಿದ್ದೆ.

ಆ ಮರ ಇರುವುದು ಚವರದ ಪೊನ್ಮನದಲ್ಲಿ, ಕಾಟ್ಟಿಲ್ ಮೇಕ್ಕತಿಲ್ ದೇವಿಯ ಸನ್ನಿಧಿಯಲ್ಲಿ. ತಿರುವನಂತಪುರದಿಂದ ಷೊರನೂರಿನತ್ತ ಹೋಗುವ ಹಳೆಯ ಜಲಮಾರ್ಗವನ್ನು ಇಲ್ಲಿಯವರು ಟಿ.ಎಸ್. ಕಾಲುವೆ ಎನ್ನುತ್ತಾರೆ. ಕಡವಿನಲ್ಲಿ ಕಾದು ಆ ಕಾಲುವೆ ದಾಟಿದರೆ ಆಚೆ ದಡದಲ್ಲಿ ಗುಡಿ, ಗುಡಿಯ ಬೆನ್ನಿಗೇ ಅರಬ್ಬಿ ಸಮುದ್ರ. ಹರಕೆ ಹೊತ್ತವರು ಸಣ್ಣ ಹಿತ್ತಾಳೆ ಗಂಟೆಯನ್ನು ಪೂಜೆ ಮಾಡಿಸಿ, ಆಲಕ್ಕೆ ಏಳು ಸುತ್ತು ಬಂದು, ಬಿಳಲಿಗೋ ಕೊಂಬೆಗೋ ಕಟ್ಟುತ್ತಾರೆ. ಕಟ್ಟಿದ ಗಂಟೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಬುಡದಿಂದ ಕೈಗೆಟುಕುವವರೆಗೆ ತೊಗಟೆಯೇ ಕಾಣುವುದಿಲ್ಲ. ಹೊಸ ಗಂಟೆಗಳು ಬಂಗಾರದಂತೆ ಹೊಳೆಯುತ್ತವೆ, ಉಪ್ಪುಗಾಳಿ ತಿಂದ ಹಳೆಯವು ಹಸಿರುಗಟ್ಟಿವೆ. ಗಾಳಿ ಜೋರಾದಾಗ ಇಡೀ ಮರ ಒಟ್ಟಿಗೆ ನುಡಿಯುತ್ತದೆ. ಆ ಸದ್ದಿನಲ್ಲಿ ನಾನು ಬಹಳ ಹೊತ್ತು ನಿಂತೆ. ಯಾವುದೋ ಮಗುವಿನ ಜ್ವರ, ಯಾರದೋ ಗಲ್ಫ್ ವೀಸಾ, ಮದುವೆ, ಸಾಲ, ಎಲ್ಲವೂ ಒಂದೇ ದನಿಯಲ್ಲಿ ದೇವಿಯನ್ನು ಕರೆಯುವಂತಿತ್ತು. ವೃಶ್ಚಿಕ ಮಾಸದ ಉತ್ಸವಕ್ಕೆ ಇಲ್ಲಿ ಸಾಲು ಸಾಲು ಕುಟೀರ ಕಟ್ಟಿ ಜನ ಭಜನೆಗೆ ಕೂರುತ್ತಾರಂತೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಸುತ್ತಲಿನದೆಲ್ಲ ಕೊಚ್ಚಿಹೋದರೂ ಗುಡಿ ಉಳಿಯಿತು ಎಂಬುದು ಇಲ್ಲಿಯವರ ಬಾಯಲ್ಲಿರುವ ಮಾತು.

ಗುಡಿ ಇದೆ. ಆದರೆ ಗುಡಿಯ ಸುತ್ತ ಇರಬೇಕಾದ ಊರು ಎಲ್ಲಿ?

ಕಡವಿನ ಬಳಿ ಸಿಕ್ಕ ಅಜ್ಜಿಯೊಬ್ಬರನ್ನು ನಾನು ಕೇಳಿದ್ದು ಇದನ್ನೇ. ಅಮ್ಮಚ್ಚಿ ಕೈಯೆತ್ತಿ ಬಯಲು ತೋರಿಸಿದರು. ಅಲ್ಲಿ ಮನೆ, ಅಲ್ಲಿ ತೆಂಗು, ಅಲ್ಲಿ ಬಲೆ ಒಣಗಿಸುವ ಜಾಗ. ನನ್ನ ಕಣ್ಣಿಗೆ ಕಂಡದ್ದು ಅಗೆದ ಹೊಂಡ, ಅದರಲ್ಲಿ ನಿಂತ ನೀರು, ಕಪ್ಪು ಹೊಯಿಗೆಯ ರಾಶಿ. ಮರಳು ಗಣಿಗೆ ಜಾಗ ಕೊಟ್ಟವರು ಒಬ್ಬೊಬ್ಬರಾಗಿ ಕಾಲುವೆಯ ಪೂರ್ವಕ್ಕೆ ಹೋದರು, ದೇವಿಯೊಬ್ಬಳು ಇಲ್ಲೇ ಉಳಿದಳು.

ಆ ಹೊಯಿಗೆಯನ್ನು ಮಲಯಾಳದಲ್ಲಿ ಕರಿಮಣಲ್ ಎನ್ನುತ್ತಾರೆ. ನೀಂಡಕರದಿಂದ ಕಾಯಂಕುಳಂ ಅಳಿವೆಯವರೆಗಿನ ಸುಮಾರು 22 ಕಿಲೋಮೀಟರ್ ಕರಾವಳಿಯ ಮರಳಿನಲ್ಲಿ ಇಲ್ಮನೈಟ್, ರೂಟೈಲ್, ಜಿರ್ಕಾನ್, ಸಿಲಿಮನೈಟ್, ಮೊನಾಜೈಟ್ ಬೆರೆತಿವೆ. ಘಟ್ಟದ ಬಂಡೆಗಳು ಯುಗಯುಗಗಳಿಂದ ಸವೆದು ಹೊಳೆ ಸೇರಿ, ಕಡಲು ಅದನ್ನು ಜಾಲಿಸಿ ಹಗುರವಾದುದನ್ನು ಒಯ್ದು ಭಾರದ್ದನ್ನು ದಡಕ್ಕೆ ಬಿಟ್ಟಿತು. ಅಕ್ಕಿ ಗಾಳಿಸಿ ಕಲ್ಲು ತೆಗೆಯುವ ಕೆಲಸವನ್ನು ಸಮುದ್ರವೇ ಮಾಡಿಟ್ಟಂತೆ. ಖನಿಜ ಬೇರ್ಪಡಿಸುವ ಕಾರ್ಖಾನೆಯಲ್ಲೂ ಮೊದಲು ಮಾಡುವುದು ಅದನ್ನೇ: ಸುರುಳಿಯಾಗಿ ಇಳಿಯುವ ದೋಣಿಯಂಥ ಜಾಡಿನಲ್ಲಿ ನೀರಿನೊಂದಿಗೆ ಮರಳು ಹರಿಸಿ ಭಾರದ ಕಣಗಳನ್ನು ಬೇರೆ ಮಾಡುವುದು. ಆಮೇಲೆ ಅಯಸ್ಕಾಂತ, ಇಲ್ಮನೈಟ್ ಅದಕ್ಕೆ ಒಲಿಯುತ್ತದೆ. ಉಳಿದದ್ದನ್ನು ಹೈವೋಲ್ಟೇಜ್ ವಿದ್ಯುತ್ತಿನ ಉರುಳೆಯ ಮೇಲೆ ಬಿಟ್ಟರೆ ರೂಟೈಲ್ ಸಿಡಿದು ದೂರ ಬೀಳುತ್ತದೆ, ಜಿರ್ಕಾನ್ ಉರುಳೆಗೆ ಅಂಟಿ ಬರುತ್ತದೆ.

ಈ ಕಥೆ ಶುರುವಾದದ್ದು ತೆಂಗಿನ ನಾರಿನಿಂದ. ತಿರುವಾಂಕೂರಿನಿಂದ ಜರ್ಮನಿಗೆ ಹೋದ ನಾರಿನಲ್ಲಿ ಅಂಟಿಕೊಂಡಿದ್ದ ಮರಳಿನ ಕಣಗಳಲ್ಲಿ ಮೊನಾಜೈಟ್ ಇರುವುದನ್ನು 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನತಜ್ಞ ಗುರುತಿಸಿದ. ಆಗಿನ ಕಾಲಕ್ಕೆ ಮೊನಾಜೈಟ್ ಎಂದರೆ ಬೆಳಕು. ಅದರಲ್ಲಿರುವ ಥೋರಿಯಂನಿಂದ ಗ್ಯಾಸ್‌ಲೈಟಿನ ಮ್ಯಾಂಟಲ್ ತಯಾರಾಗುತ್ತಿತ್ತು. ನಮ್ಮ ಅಜ್ಜಂದಿರು ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನ ತನಕ ಯಕ್ಷಗಾನದ ಆಟ ನೋಡಿದ್ದು ಅಂಥ ಮ್ಯಾಂಟಲಿನ ಬೆಳಕಿನಲ್ಲೇ. ಕಿರೀಟದ ಕನ್ನಡಿಯಲ್ಲಿ ಮಿನುಗುತ್ತಿದ್ದುದು ಹೀಗೊಂದು ಕಡಲತೀರದ ಪುಡಿ ಎಂದು ನನಗೆ ಇಷ್ಟು ದಿನ ಹೊಳೆದಿರಲಿಲ್ಲ. ಷೋಂಬರ್ಗ್ ದಕ್ಷಿಣದ ಮಣವಾಳಕುರಿಚಿಯಲ್ಲಿ ಕಾರ್ಖಾನೆ ಹೂಡಿದ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಅವನನ್ನು ಬಂಧಿಸಿದರು, ವ್ಯಾಪಾರ ಲಂಡನ್ನಿನವರ ಕೈಗೆ ಹೋಯಿತು.

ಅಣುಬಾಂಬಿನ ನಂತರ ಮೊನಾಜೈಟಿನ ಬೆಲೆಯೇ ಬೇರೆಯಾಯಿತು. 1947ರಲ್ಲಿ ದಿವಾನ ಸಿ.ಪಿ. ರಾಮಸ್ವಾಮಿ ಅಯ್ಯರ್ ತಿರುವಾಂಕೂರು ಸ್ವತಂತ್ರವಾಗಿಯೇ ಉಳಿಯುತ್ತದೆ ಎಂದು ಹಟ ಹಿಡಿದಾಗ ಅವರ ಬೆನ್ನಿಗಿದ್ದ ಬಲಗಳಲ್ಲಿ ಈ ಮರಳೂ ಒಂದು. ಆ ಹಟ ನಡೆಯಲಿಲ್ಲ. 1950ರಲ್ಲಿ ಕೇಂದ್ರ ಸರ್ಕಾರವೂ ತಿರುವಾಂಕೂರು–ಕೊಚ್ಚಿ ಸರ್ಕಾರವೂ ಸೇರಿ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆ ಕಟ್ಟಿದವು. ಕೊಚ್ಚಿಯ ಬಳಿ ಆಲುವಾದಲ್ಲಿ, ಪೆರಿಯಾರ್ ದಡದಲ್ಲಿ, ಅದರ ಕಾರ್ಖಾನೆ 1952ರಲ್ಲಿ ಕೆಲಸ ಶುರುಮಾಡಿತು. ಚವರದಲ್ಲೇ 1932ರಲ್ಲಿ ಖಾಸಗಿಯಾಗಿ ಹುಟ್ಟಿ 1956ರಲ್ಲಿ ರಾಜ್ಯ ಸರ್ಕಾರದ ಕೈಸೇರಿದ ಇನ್ನೊಂದು ಸಂಸ್ಥೆ ಇಂದಿನ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್. ಕರಾವಳಿಯನ್ನು ಎಂಟು ತುಂಡು ಮಾಡಿ ಈ ಎರಡೂ ಸಂಸ್ಥೆಗಳಿಗೆ ಹಂಚಿದ್ದಾರೆ. ತಿರುವನಂತಪುರದ ಕೊಚ್ಚುವೇಳಿಯಲ್ಲಿ 1946ರಲ್ಲಿ ಸ್ಥಾಪನೆಯಾದ ತಿರುವಾಂಕೂರ್ ಟೈಟಾನಿಯಂ ಇದೆ. ಇದ್ದಿಲಿನಂತೆ ಕಪ್ಪಗಿರುವ ಇಲ್ಮನೈಟ್ ಅಲ್ಲಿ ಗಂಧಕಾಮ್ಲದಲ್ಲಿ ಕರಗಿ, ಕೊನೆಗೆ ಸುಣ್ಣಕ್ಕಿಂತ ಬೆಳ್ಳಗಿನ ಪುಡಿಯಾಗಿ ಬರುತ್ತದೆ. ಗೋಡೆಯ ಬಣ್ಣ, ಕಾಗದ, ಪ್ಲಾಸ್ಟಿಕ್ಕಿಗೆ ಬಿಳುಪು ಕೊಡುವುದು ಅದೇ. ಹೀಗೆ ಒಂದು ಊರಿನ ನೆಲ ಉತ್ತರಕ್ಕೆ ಕೊಚ್ಚಿ, ದಕ್ಷಿಣಕ್ಕೆ ತಿರುವನಂತಪುರ ಎಂದು ಎರಡು ದಾರಿ ಹಿಡಿದಿದೆ.

ಥೋರಿಯಂ ಇರುವಲ್ಲಿ ವಿಕಿರಣವೂ ಇರುತ್ತದೆ. ಕ್ಯಾನ್ಸರ್ ಹೆಚ್ಚೇ ಎಂಬ ಭಯ ಸಹಜ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು 1990ರಿಂದ ಕರುನಾಗಪ್ಪಳ್ಳಿಯಲ್ಲಿ ಮನೆಮನೆ ಹೊಕ್ಕು ಅಳೆದರು, ಸುಮಾರು 70,000 ಜನರನ್ನು ಸರಾಸರಿ ಹತ್ತು ವರ್ಷ ಹಿಂಬಾಲಿಸಿದರು. ನೆಲದ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ ಎಂದು 2009ರಲ್ಲಿ ಪ್ರಕಟಿಸಿದರು. ಅಮ್ಮಚ್ಚಿಗೆ ಈ ವಿಷಯದಲ್ಲಿ ಕುತೂಹಲವಿರಲಿಲ್ಲ. ಮರಳಿನ ಮೇಲೆ ಹುಟ್ಟಿ ಬೆಳೆದವರಿಗೆ ಮರಳಿನ ಹೆದರಿಕೆ ಏನು? ಮರಳು ಇಲ್ಲದಿರುವುದೇ ಅವರ ಹೆದರಿಕೆ.

ಗಣಿಯೂರುಗಳ ದುಃಖ ನಮಗೆ ಹೊಸದಲ್ಲ. ಕೆ.ಜಿ.ಎಫ್.ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದರು. 2001ರಲ್ಲಿ ಗಣಿ ಮುಚ್ಚಿದಾಗ ಕೆಲಸ ಹೋಯಿತು, ಸೈನೈಡ್ ದಿಬ್ಬಗಳ ನಡುವೆ ಊರು ಉಳಿಯಿತು. ಅಮೆರಿಕದ ಅಪಲೇಚಿಯಾದಲ್ಲಿ ಕಲ್ಲಿದ್ದಲಿಗಾಗಿ ಬೆಟ್ಟದ ತಲೆಯನ್ನೇ ಕತ್ತರಿಸುತ್ತಾರೆ. ಅಲ್ಲೂ ಬೆಟ್ಟ ಹೋದ ಮೇಲೆ ಕಾಲಿಡಲು ನೆಲವಿರುತ್ತದೆ. ಇಲ್ಲಿ ಊರೇ ಅದಿರು.

ಪೊನ್ಮನಕ್ಕೆ ಉತ್ತರದ ಆಲಪ್ಪಾಡ್ ಪಂಚಾಯತಿಗೆ ಹೋದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಡಲಿಗೂ ಕಾಲುವೆಗೂ ನಡುವೆ ಲಂಗೋಟಿಯಷ್ಟಗಲದ ನೆಲ. ಕೇರಳದಲ್ಲಿ ಸುನಾಮಿ ಎಲ್ಲಕ್ಕಿಂತ ಹೆಚ್ಚು ಜೀವ ಒಯ್ದದ್ದು ಇಲ್ಲಿಂದಲೇ. ಹಳೆಯ ದಾಖಲೆಗಳಲ್ಲಿ 89.5 ಚದರ ಕಿಲೋಮೀಟರ್ ಇದ್ದ ಗ್ರಾಮ ಈಗ 7.6ಕ್ಕೆ ಇಳಿದಿದೆ ಎನ್ನುತ್ತಾರೆ ಹೋರಾಟಗಾರರು. ಕಡಲ್ಕೊರೆತಕ್ಕೆ ಗಣಿಗಾರಿಕೆಯೊಂದೇ ಕಾರಣವಲ್ಲ, ಬೇರ್ಪಡಿಸಿದ ಮರಳನ್ನು ಹೊಂಡಕ್ಕೆ ಮರಳಿ ತುಂಬುತ್ತೇವೆ ಎನ್ನುತ್ತವೆ ಕಂಪನಿಗಳು. ಭಾರದ ಕಣ ತೆಗೆದ ಮರಳು ಅಲೆಗೆ ನಿಲ್ಲುವುದಿಲ್ಲ ಎನ್ನುತ್ತಾರೆ ಮೀನುಗಾರರು. ಗಣಿ ನಿಲ್ಲಿಸಿ ಎಂದು ಅವರು 2018ರ ನವೆಂಬರ್ 1ರಿಂದ ವೆಳ್ಳನಾತುರುತ್ತಿನಲ್ಲಿ ಸರದಿ ಉಪವಾಸ ಕೂತರು. ಮರುವರ್ಷ ಜನವರಿಯ ಹೊತ್ತಿಗೆ ಹುಡುಗ ಹುಡುಗಿಯರ ಮೊಬೈಲುಗಳಿಂದ ಆ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. ಆದರೆ ಕಂಪನಿಯ ಸಂಬಳದಲ್ಲೇ ನಡೆಯುವ ಮನೆಗಳೂ ಇಲ್ಲಿ ಬೇಕಾದಷ್ಟಿವೆ. ಒಂದೇ ಮನೆಯಲ್ಲಿ ಅಣ್ಣ ಕಾರ್ಖಾನೆಯ ಪಾಳಿಗೆ, ತಮ್ಮ ಉಪವಾಸದ ಚಪ್ಪರಕ್ಕೆ ಹೋದರೆ ಆ ತಾಯಿ ಯಾರ ಪರವಾಗಿ ಗಂಟೆ ಕಟ್ಟಬೇಕು? ನನಗಂತೂ ಅನಿಸುವುದು ಇಷ್ಟು: ನೆಲ ಎಲ್ಲಿಯವರೆಗೆ ಹೋಗಬಹುದು ಎಂಬ ಗೆರೆಯನ್ನು ಎಳೆಯುವಾಗ ಅದರ ಮೇಲೆ ಮಲಗುವವರನ್ನು ಮೊದಲು ಕೇಳಬೇಕಿತ್ತು.

ದೋಣಿ ಬರುವುದು ತಡವಾಯಿತು. ಅಮ್ಮಚ್ಚಿ ನನ್ನ ಊರು ಕೇಳಿದರು. ಮಂಜೇಶ್ವರ ಎಂದೆ. ಅವರಿಗೆ ಗೊತ್ತಾಗಲಿಲ್ಲ, ಕಾಸರಗೋಡಿನ ಆಚೆ, ಕೇರಳದ ಕೊನೆ ಎಂದೆ.

"ನಿಮ್ಮಲ್ಲೂ ಕಡಲು ಇದೆಯಾ ಮೋಳೇ?"

"ಇದೆ ಅಮ್ಮಚ್ಚಿ. ಮನೆಯಿಂದ ಅಲೆಯ ಸದ್ದು ಕೇಳುತ್ತದೆ."

"ಅಲ್ಲಿಯ ಮಣಲು ಯಾವ ಬಣ್ಣ?"

"ಬಿಳಿ."

ಅವರು ನನ್ನ ಕೈ ಹಿಡಿದು ಒತ್ತಿದರು. ಹಾಗಾದರೆ ನಿಮ್ಮ ಊರು ಇರುತ್ತದೆ ಎಂದರು. ಉಪ್ಪಳದ ಮುಸೋಡಿಯಲ್ಲಿ ಮಳೆಗಾಲ ಬಂತೆಂದರೆ ಬಿಳಿ ಹೊಯಿಗೆಯನ್ನೂ ತೆಂಗನ್ನೂ ಕಡಲು ಒಯ್ಯುವುದನ್ನು ನಾನು ಹೇಳಲಿಲ್ಲ. ದೋಣಿ ದಡಕ್ಕೆ ತಾಗಿತು. ಹಿಂದೆ ಗಾಳಿಗೆ ಮರ ಒಮ್ಮೆ ನುಡಿಯಿತು.