ಒಂದು ಹಿತ್ತಲಿನಲ್ಲಿ ಎರಡು ಹುಂಜಗಳು

ಹಿತ್ತಲಿನಲ್ಲಿ ಎರಡು ಹುಂಜಗಳನ್ನು ಬಿಟ್ಟರೆ ಒಂದು ಸಾಯುವವರೆಗೂ ಕಾದಾಟ ನಿಲ್ಲದೆಂದು ಹಲವರ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಾವು ಪರಿಶೀಲಿಸೋಣ.

ಕೋಳಿಗಳ ಹಿಂಡಿನಲ್ಲಿ ಮೇಲು-ಕೀಳಿನ ಶ್ರೇಣಿಯೊಂದುಂಟೆಂದು ನಾರ್ವೆಯ ಶೆಲ್ಡೆರುಪ್-ಎಬ್ಬೆ ಎಂಬ ವಿಜ್ಞಾನಿಯು 1922ರಲ್ಲಿ ವಿವರಿಸಿದನು. ಮೇಲಿನ ಕೋಳಿಯು ಕುಕ್ಕಿದರೆ ಕೆಳಗಿನದು ತಿರುಗಿ ಕುಕ್ಕದೆ ದಾರಿ ಬಿಡುವುದು. ಹುಂಜಗಳಲ್ಲಿಯೂ ಹೀಗೆಯೇ. ಅವುಗಳ ಕಾದಾಟವು ಬಹುಮಟ್ಟಿಗೆ ಸ್ಥಾನನಿರ್ಣಯಕ್ಕಾಗಿ. ಅದು ಮುಗಿದೊಡನೆ ಜಗಳವೂ ತಗ್ಗುವುದು. ಮರಿಗಳಾಗಿದ್ದಾಗಿನಿಂದ ಜೊತೆಯಲ್ಲಿ ಬೆಳೆದ ಹುಂಜಗಳು ಸಾಮಾನ್ಯವಾಗಿ ಹೊಂದಿಕೊಳ್ಳುವುದು ಇದರಿಂದಲೇ. ಹೊಸದೊಂದನ್ನು ತಂದು ಬಿಟ್ಟರೆ ಶ್ರೇಣಿಯು ಕದಡಿ, ಕಾಲಿನ ಮೊನಚು ಮುಳ್ಳುಗಳ ಪೆಟ್ಟಿನಿಂದ ಪ್ರಾಣಹಾನಿಯೂ ಆಗಬಹುದು.

ಈ ಶ್ರೇಣಿಯು ಕೂಗಿನಲ್ಲಿಯೂ ಕಾಣುತ್ತದೆ. ನಸುಕಿನಲ್ಲಿ ಮೊದಲು ಕೂಗುವುದು ಅಗ್ರಸ್ಥಾನದ ಹುಂಜ. ಉಳಿದವು ಸ್ಥಾನಕ್ರಮದಲ್ಲಿ ಅನುಸರಿಸುತ್ತವೆ. ಅಗ್ರಸ್ಥಾನದ ಹುಂಜವನ್ನು ತೆಗೆದರೆ ಎರಡನೆಯದು ಮೊದಲು ಕೂಗುವುದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು.

ಹುಂಜಗಳು ಹೊಂದಿಕೊಂಡ ಮಾತ್ರಕ್ಕೆ ಹೇಂಟೆಗಳ ಕಷ್ಟ ತೀರದು. ಕೂಡುವಾಗ ಹುಂಜವು ಹೇಂಟೆಯ ಬೆನ್ನೇರಿ, ಕತ್ತಿನ ಗರಿಗಳನ್ನು ಕೊಕ್ಕಿನಿಂದ ಹಿಡಿಯುತ್ತದೆ. ಹೇಂಟೆಗಳು ಕೆಲವೇ ಇದ್ದಲ್ಲಿ ಅವೇ ಪದೇಪದೇ ಗುರಿಯಾಗಿ, ಗರಿಯುದುರಿ, ಚರ್ಮಕ್ಕೆ ಗಾಯವಾಗುವುದು. ಆದಕಾರಣ ಒಂದು ಹುಂಜಕ್ಕೆ ಸುಮಾರು 10 ಹೇಂಟೆಗಳೆಂಬುದು ರೂಢಿಯ ಲೆಕ್ಕ. ಐದಾರು ಹೇಂಟೆಗಳ ಮನೆಗೆ ಎರಡು ಹುಂಜಗಳು ಅಧಿಕವೇ ಸರಿ. ಮೊಟ್ಟೆ ಮಾತ್ರ ಬೇಕಾದವರಿಗೆ ಒಂದೂ ಬೇಕಿಲ್ಲ: ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುವುದು; ಅದರಿಂದ ಮರಿಯಾಗದು, ಅಷ್ಟೇ.

ಎರಡನೆಯ ಹುಂಜವನ್ನು ಉಳಿಸಿಕೊಳ್ಳಬಹುದೇ ಎಂಬ ಸಂಶಯ ಬಂದಾಗ, ಹುಂಜಗಳ ಜಗಳವನ್ನಷ್ಟೇ ನೋಡದೆ ಹೇಂಟೆಗಳ ಬೆನ್ನನ್ನೂ ಪರೀಕ್ಷಿಸುವುದು ಲೇಸು.