ಗುಂಪು ಸಂಶೋಧನೆ ಕಲಿಸುವ ಪಾಠಗಳು: ಹಗೇವಿನ ನಿದರ್ಶನ

ಪಠ್ಯದೊಳಗಿನ ಉತ್ತರಗಳನ್ನು ಒಪ್ಪಿಸುವುದರಲ್ಲಿಯೇ ಶಿಕ್ಷಣವು ಪರ್ಯವಸಾನಗೊಳ್ಳಬಾರದು. ಪ್ರಶ್ನಿಸುವ ಶಕ್ತಿಯೂ ಬೆಳೆಯಬೇಕು. ಈ ಉದ್ದೇಶದಿಂದ 1993ರಲ್ಲಿ ಆರಂಭಗೊಂಡ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮೂಲಕ ಕನ್ನಡ ನಾಡಿನ ಹಳ್ಳಿಯ ಶಾಲೆಗಳನ್ನೂ ತಲುಪಿತು. ಮಕ್ಕಳು ಮಾರ್ಗದರ್ಶಕ ಶಿಕ್ಷಕರೊಡನೆ ತಮ್ಮೂರಿನ ಸಮಸ್ಯೆಯೊಂದನ್ನು ಗುಂಪಾಗಿ ಅಭ್ಯಸಿಸಿ ವರದಿ ಸಿದ್ಧಪಡಿಸುವುದು ಅದರ ಕ್ರಮ.

ರೋಣ, ನರಗುಂದ, ಗಜೇಂದ್ರಗಡಗಳ ಪರಿಸರದಲ್ಲಿ ಇಂಥ ಅಭ್ಯಾಸಕ್ಕೆ ವಿಷಯಗಳ ಕೊರತೆಯಿಲ್ಲ. ಹಗೇವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಬರಗಾಲದ ಭಯವಿದ್ದ ಕಾಲದಲ್ಲಿ ಹಿರಿಯರು ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚುತ್ತಿದ್ದರು. ಕಾಳಿನ ಉಸಿರಾಟದಿಂದ ಒಳಗಿನ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡು ಹೆಚ್ಚುವುದರಿಂದ ಹುಳುಗಳು ಬದುಕುತ್ತಿರಲಿಲ್ಲ. ತೆರೆದ ಕೂಡಲೇ ಇಳಿದವನ ಪ್ರಾಣಕ್ಕೂ ಅದೇ ಗಾಳಿ ಅಪಾಯ. ಆದುದರಿಂದ ಮೊದಲು ದೀಪವಿಳಿಸಿ ನೋಡುವ ರೂಢಿಯಿತ್ತು. ಕಾಲಕ್ರಮದಲ್ಲಿ ಹಗೇವುಗಳು ಬರಿದಾಗಿ ಅವುಗಳ ಮೇಲೆ ಮನೆಗಳೆದ್ದವು. 2019-20ರ ಸುಮಾರಿಗೆ ನರಗುಂದದ ಹಳೆಯ ಬಡಾವಣೆಗಳಲ್ಲಿ ನೆಲ ಕುಸಿದಾಗ ಮರೆತುಹೋದ ಈ ಗುಂಡಿಗಳು ಮತ್ತೆ ಚರ್ಚೆಗೆ ಬಂದವು.

ಮೊದಲ ಪಾಠ, ಪ್ರಶ್ನೆಯನ್ನು ಕಿರಿದುಗೊಳಿಸುವುದು. "ನೆಲ ಏಕೆ ಕುಸಿಯುತ್ತದೆ?" ಎಂಬುದು ಭೂವಿಜ್ಞಾನಿಗಳ ಪ್ರಶ್ನೆ, "ಈ ಓಣಿಯಲ್ಲಿ ಹಗೇವುಗಳು ಎಲ್ಲೆಲ್ಲಿದ್ದವು?" ಎಂಬುದು ಮಕ್ಕಳ ಕೈಗೆಟಕುವ ಪ್ರಶ್ನೆ. ಎರಡನೆಯದು, ಹಿರಿಯರ ನೆನಪನ್ನು ಗೌರವದಿಂದ ಕೇಳಿ ವಿವೇಕದಿಂದ ಪರೀಕ್ಷಿಸುವುದು. ಒಂದೇ ಜಾಗದ ಬಗ್ಗೆ ಇಬ್ಬರನ್ನು ಬೇರೆಬೇರೆಯಾಗಿ ಕೇಳಿದಾಗ ಹೊಂದುವುದೆಷ್ಟು, ಹೊಂದದಿರುವುದೆಷ್ಟು ಎಂಬುದು ತಿಳಿಯುತ್ತದೆ. ಆ ತಲೆಮಾರು ಕಣ್ಮರೆಯಾದರೆ ಈ ನಕ್ಷೆ ಬರೆಯಲು ಆಧಾರವೇ ಉಳಿಯದು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು: ಎಣಿಕೆಗೆ ಒಗ್ಗದ ಸಂಗತಿಯನ್ನೂ ಬರೆದಿಡುವುದು. ಹಗೇವೇ ಇಲ್ಲದ ಮನೆಯ ಗೋಡೆಯೂ ಬಿರುಕು ಬಿಟ್ಟಿರಬಹುದು, ಏಕೆಂದರೆ ಎರೆಮಣ್ಣು ನೀರುಂಡು ಹಿಗ್ಗಿ, ಒಣಗಿ ಕುಗ್ಗುವ ಸ್ವಭಾವದ್ದು. ಆ ಮನೆಯನ್ನು ಪಟ್ಟಿಯಿಂದ ಕೈಬಿಟ್ಟರೆ ವರದಿ ಚೆಂದವಾಗುತ್ತದೆ, ಸತ್ಯ ಕೆಡುತ್ತದೆ. ಗುಂಪಿನಲ್ಲಿ ಒಬ್ಬ ವಿದ್ಯಾರ್ಥಿ "ಇದು ಹೊಂದುವುದಿಲ್ಲ" ಎಂದಾಗ ಉಳಿದವರು ಅವನನ್ನು ಸುಮ್ಮನಾಗಿಸದಿರುವುದೇ ಗುಂಪುಗೆಲಸದ ಸಾರ್ಥಕತೆ. ಹಾಗೆಯೇ ನರಗುಂದದಲ್ಲಿ ಕಂಡುದನ್ನು ಗುಡ್ಡದ ಸೆರಗಿನ ಗಜೇಂದ್ರಗಡಕ್ಕೆ ಪರೀಕ್ಷಿಸದೆ ಅನ್ವಯಿಸಲಾಗದು.

ಶಿಕ್ಷಕರಿಗೂ ಇಲ್ಲಿ ಪಾಠವಿದೆ. ವರದಿಯನ್ನು ತಾವೇ ತಿದ್ದಿ ಬರೆದುಕೊಟ್ಟರೆ ಬಹುಮಾನ ಬಂದೀತು, ಕಲಿಕೆ ಬಾರದು. ಮಕ್ಕಳನ್ನು ಯಾವ ಗುಂಡಿಗೂ ಇಳಿಸದೆ, ಮನೆಯವರ ಒಪ್ಪಿಗೆಯಿಲ್ಲದೆ ಹೊಸ್ತಿಲು ದಾಟಿಸದೆ ನಡೆಸುವ ಹೊಣೆಯೂ ಅವರದೇ.

ಅನುಭವ ಮಂಟಪದ ಪರಂಪರೆಯಲ್ಲಿ ಪ್ರಶ್ನೆಗೆ ಕುಲ, ವಯಸ್ಸುಗಳ ಹಂಗಿರಲಿಲ್ಲ. ಮಕ್ಕಳ ಶ್ರಮವೂ ಕಾಯಕವೇ ಆಗಿದೆ. ಸಿದ್ಧವಾದ ನಕ್ಷೆಯು ಶಾಲೆಯ ಕಪಾಟಿನಲ್ಲಿ ಉಳಿಯದೆ, ಓಣಿಯ ಜನರ ಮತ್ತು ಪುರಸಭೆಯ ಕೈ ಸೇರಿದಾಗಲೇ ಆ ಕಾಯಕವು ದಾಸೋಹವಾಗುತ್ತದೆ.